ಪದಕ್ಕೆ ಮರುಪದ

ಕಡೂರು ತಾಲ್ಲೂಕಿನ ಸಿಂಗಟಗೆರೆಯ ಸೀಮೆಯಲ್ಲಿ, ಹಳೆಯ ಮನೆಗಳ ಹಿತ್ತಿಲ ಗೋಡೆಗೆ ಒರಗಿದಂತೆ ಬೀಸುವ ಕಲ್ಲೊಂದು ಈಗಲೂ ಕುಳಿತಿರುವುದುಂಟು. ಅದಕ್ಕೆ ಕೆಲಸವಿಲ್ಲ, ರಾಗಿಯ ಭಾರವನ್ನು ಗಿರಣಿಯು ವಹಿಸಿಕೊಂಡು ಬಹುಕಾಲವಾಯಿತು. ಆದರೂ ಆ ಕಲ್ಲಿನ ಗೂಟವನ್ನು ಗಮನಿಸಿ ನೋಡಿದವರಿಗೆ ಒಂದು ಸಂಗತಿ ತಾನಾಗಿಯೇ ಹೊಳೆಯುವುದು. ಅದು ಎರಡು ಕೈಗಳು ಒಂದರ ಮೇಲೊಂದು ಹಿಡಿಯುವಷ್ಟು ಎತ್ತರವಾದ ಗೂಟ. ಎದುರುಬದುರಾಗಿ ಕುಳಿತ ಇಬ್ಬರು ಹೆಂಗಸರು ಒಂದೇ ಗೂಟವನ್ನು ಹಿಡಿದು ಕಲ್ಲನ್ನು ತಿರುಗಿಸುವಾಗ, ಒಬ್ಬಳು ಪದವನ್ನು ಎತ್ತಿಕೊಟ್ಟರೆ ಇನ್ನೊಬ್ಬಳು ಅದನ್ನು ತುಂಬಿಕೊಡುತ್ತಿದ್ದಳು. ಒಬ್ಬಳ ಉಸಿರು ನಿಂತ ಕಡೆಯಲ್ಲಿ ಇನ್ನೊಬ್ಬಳ ಉಸಿರು ಮೊದಲಾಗುತ್ತಿತ್ತು. ಒಂಟಿಯಾಗಿ ಬೀಸುವವಳಿಗೆ ರಾಗಿಯೂ ಹೆಚ್ಚಾಗಿ ಕಾಣುತ್ತಿತ್ತು, ಇರುಳೂ ಉದ್ದವಾಗಿ ಕಾಣುತ್ತಿತ್ತು.

ಅಂತಹ ಕಲ್ಲಿರುವ ಒಂದು ಮನೆಯಲ್ಲಿ, ರಾಜ್ಯೋತ್ಸವವು ಸಮೀಪಿಸಿದ್ದ ಒಂದು ಸಂಜೆ, ಮೊಮ್ಮಕ್ಕಳಿಬ್ಬರು ಹಾಡೊಂದನ್ನು ಅಭ್ಯಾಸಮಾಡುತ್ತಿದ್ದರು. ಹುಡುಗನಿಗೆ ಹದಿನೈದು ವರ್ಷ, ಹುಡುಗಿಗೆ ಹದಿಮೂರು. ಮೊಬೈಲಿನಲ್ಲಿ ಹಾಡನ್ನು ಕೇಳಿ, ನಿಲ್ಲಿಸಿ, ಮತ್ತೆ ಕೇಳಿ, ಅವನಿಗೊಂದು ಸಾಲು ಅವಳಿಗೊಂದು ಸಾಲು ಎಂದು ಹಂಚಿಕೊಂಡಿದ್ದರು. ಹಾಡು ಜಿ. ಪಿ. ರಾಜರತ್ನಂ ಅವರ ಕುಡುಕ ರತ್ನನದು. ಹೆಂಡ, ಹೆಂಡತಿ, ಕನ್ನಡ ಪದ ಈ ಮೂರೂ ತನಗೆ ಪ್ರಾಣವೆಂದು ಹೇಳಿಕೊಳ್ಳುವ ರತ್ನನು, ದೇವರೇ ಎದುರಿಗೆ ಬಂದು ಒಂದೊಂದನ್ನೇ ಬಿಡು ಎಂದರೆ ತಾನೇನು ಮಾಡುವೆನೆಂದು ಲೆಕ್ಕ ಒಪ್ಪಿಸುವ ಪದವದು. ಹೆಂಡವನ್ನು ಬಿಡೆಂದರೆ ಬಿಡುವನು. ಹೆಂಡತಿಯನ್ನು ಬಿಡೆಂದರೆ ಅದಕ್ಕೂ ಒಪ್ಪುವನು. ಕನ್ನಡ ಪದವಾಡುವುದನ್ನು ಬಿಡೆಂದರೆ ಮಾತ್ರ ದೇವರೆಂಬುದನ್ನೂ ನೋಡದೆ ತಿರುಗಿ ಬೀಳುವನು. ಕನ್ನಡನಾಡಿನ ಯಾವ ಸಭೆಯಲ್ಲಿ ಹಾಡಿದರೂ ಕರತಾಡನವನ್ನು ತಪ್ಪದೆ ತರುವ ಪದ.

ಒಳಗೆ ಅಜ್ಜಿಯು ಮುದ್ದೆ ತೊಳಸುತ್ತಿದ್ದರು. ಎರಡನೆಯ ನುಡಿ ಮುಗಿಯುವ ವೇಳೆಗೆ ತೊಳಸುವ ಕೋಲಿನ ಸದ್ದು ನಿಂತಿತು. ಬಾಗಿಲಿಗೆ ಬಂದು ಕೇಳಿದರು: “ಅಲ್ಲ ಕೂಸೆ, ಹೆಂಡ್ತೀನೂ ಬಿಡ್ತೀನಿ ಅಂದನಲ್ಲ, ಅದಕ್ಕೆ ಅವಳೇನಂದ್ಲು?”

“ಅವಳು ಏನೂ ಅನ್ನೋದಿಲ್ಲ ಅಜ್ಜಿ. ಪದದಲ್ಲಿ ಅವಳ ಮಾತೇ ಇಲ್ಲ” ಎಂದಳು ಹುಡುಗಿ.

“ಮತ್ತೆ ಇಬ್ಬರು ಯಾಕೆ ಹಾಡ್ತಿದೀರಿ? ಬಾಯಿ ಎರಡು, ಮಾತು ಒಬ್ಬನದೇ!” ಎಂದು ಹೇಳಿ ಅಜ್ಜಿಯು ಒಲೆಯ ಬಳಿಗೆ ಹಿಂದಿರುಗಿದರು. ಜಗಲಿಯ ಮೇಲೆ ಕುಳಿತಿದ್ದ ಅಜ್ಜನ ಅಡಕತ್ತರಿಯ ಸದ್ದೂ ಒಂದು ಕ್ಷಣ ನಿಂತು, ಮತ್ತೆ ಸಾಗಿತು.

ಅಜ್ಜಿಯು ಓದಿದವರಲ್ಲ. ಆದರೆ ಅವರು ಕೇಳಿದ ಪ್ರಶ್ನೆಯು ಬಹು ಪ್ರಾಚೀನವಾದುದು. ಭರತನ ನಾಟ್ಯಶಾಸ್ತ್ರದಲ್ಲಿ ಹೇಳಿರುವ ಲಾಸ್ಯಾಂಗಗಳಲ್ಲಿ ಉಕ್ತಪ್ರತ್ಯುಕ್ತವೆಂಬುದು ಒಂದು. ಹೆಸರೇ ಹೇಳುವಂತೆ ಅದು ಮಾತಿಗೆ ಮರುಮಾತು ಕೂಡಿದ ಗೇಯಪ್ರಬಂಧ. ಕೋಪದಿಂದಲೂ ಪ್ರಸಾದದಿಂದಲೂ ಹುಟ್ಟಿ, ಮೂದಲೆಯ ನುಡಿಗಳಿಂದ ಕೂಡಿದುದು ಎಂದು ಅದರ ಲಕ್ಷಣ. ಇಬ್ಬರು ಒಟ್ಟಿಗೆ ಹಾಡಿದ ಮಾತ್ರಕ್ಕೆ ಅದು ಸಿದ್ಧಿಸದು. ಒಬ್ಬರು ಆಡಿದುದು ಇನ್ನೊಬ್ಬರಿಗೆ ತಾಗಬೇಕು; ತಾಗಿದುದಕ್ಕೆ ಉತ್ತರ ಬರಬೇಕು; ಆ ಉತ್ತರದಿಂದ ಮೊದಲಿನವರ ಮನಸ್ಸು ಸ್ವಲ್ಪವಾದರೂ ಕದಲಬೇಕು. ಹಾಗಲ್ಲದಿದ್ದರೆ ಅಜ್ಜಿ ಹೇಳಿದಂತೆ ಬಾಯಿ ಎರಡಾದರೂ ಮಾತು ಒಬ್ಬನದೇ ಆಗುವುದು.

ಕುಡಿತದ ಮಾತಿಗೂ ಈ ಲಕ್ಷಣಕ್ಕೂ ಸಂಬಂಧವಿರುವುದನ್ನು ಏಳನೆಯ ಶತಮಾನದ ಪಲ್ಲವರಾಜ ಮಹೇಂದ್ರವರ್ಮನು ತನ್ನ ‘ಮತ್ತವಿಲಾಸ’ ಪ್ರಹಸನದಲ್ಲಿ ತೋರಿಸಿಕೊಟ್ಟಿದ್ದಾನೆ. ಕಾಂಚೀನಗರದ ಬೀದಿಯಲ್ಲಿ ಸತ್ಯಸೋಮನೆಂಬ ಕಾಪಾಲಿಕನೂ ದೇವಸೋಮೆಯೆಂಬ ಅವನ ಸಂಗಾತಿಯೂ ತೂರಾಡುತ್ತಾ ಬರುತ್ತಾರೆ. ಅಮಲಿನಲ್ಲಿ ಅವನು ಅವಳನ್ನು ಬೇರೊಂದು ಹೆಸರಿನಿಂದ ಕರೆದುಬಿಡುತ್ತಾನೆ. ಅವಳಿಗೆ ಕೋಪ ಬರುತ್ತದೆ. ಅವನು ತಪ್ಪನ್ನು ಮದ್ಯದ ಮೇಲೆ ಹಾಕಿ, ಇಂದಿನಿಂದ ಕುಡಿತವನ್ನೇ ಬಿಟ್ಟೆನೆನ್ನುತ್ತಾನೆ. ಕೂಡಲೆ ಅವಳು, ತನ್ನ ನಿಮಿತ್ತವಾಗಿ ತಪೋಭಂಗವಾಗಕೂಡದೆಂದು ಅವನ ಕಾಲಿಗೆ ಬೀಳುತ್ತಾಳೆ! ನಗು ಬರುವ ಪ್ರಸಂಗವೇ ಸರಿ. ಆದರೆ ಅಲ್ಲಿ ಹೆಣ್ಣಿಗೆ ಮಾತಿದೆ. ಅವಳ ಕೋಪಕ್ಕೆ ಬೆಲೆಯಿದೆ. ಬಿಡುವ ಸಂಕಲ್ಪವನ್ನು ಅವನು ಮಾಡಿದರೂ ಅದನ್ನು ತಡೆಯುವವಳು ಅವಳು. ಅವನು ಸಂಸ್ಕೃತದಲ್ಲಿ ಆಡುತ್ತಾನೆ, ಅವಳು ಪ್ರಾಕೃತದಲ್ಲಿ ಆಡುತ್ತಾಳೆ. ಭಾಷೆ ಎರಡಾದರೂ ಸಂವಾದ ಒಂದೇ.

ರಾಜರತ್ನಂ ಅವರ ರತ್ನನು ಈ ಕಾಪಾಲಿಕನ ವಂಶದವನೇ ಎನ್ನಬಹುದು. ಆದರೆ ಅವನ ಕನ್ನಡವು ಗದ್ದುಗೆಯ ಕನ್ನಡವಲ್ಲ. 1930ರ ದಶಕದಲ್ಲಿ ಆ ಪದಗಳು ಹೊರಬಂದಾಗ ಕನ್ನಡದ ವಿದ್ವಾಂಸರು ಬೆರಗಾಗಿದ್ದರೆ ಆಶ್ಚರ್ಯವಿಲ್ಲ. ಹಕಾರವನ್ನು ನುಂಗಿ, ಹೆಂಡವನ್ನು ‘ಯೆಂಡ’ವೆಂದೂ ಹೆಂಡತಿಯನ್ನು ‘ಯೆಂಡ್ತಿ’ಯೆಂದೂ ಕರೆಯುವ ಬಾಯಿಗೆ ಅದುವರೆಗೆ ಪುಸ್ತಕದ ಪುಟದಲ್ಲಿ ಸ್ಥಾನವಿರಲಿಲ್ಲ. ಆಲಂಕಾರಿಕರು ಗ್ರಾಮ್ಯವನ್ನು ಕಾವ್ಯದೋಷಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಆದರೆ ಅದೇ ಆಲಂಕಾರಿಕರು ವಕ್ತೃವಿಗೆ ಉಚಿತವಾದರೆ ದೋಷವೂ ಗುಣವಾಗುವುದೆಂದು ಒಪ್ಪಿದ್ದಾರೆ. ಕುಡುಕನ ಬಾಯಲ್ಲಿ ಚಂಪೂಶೈಲಿಯನ್ನು ಇಟ್ಟಿದ್ದರೆ ಅದೇ ದೋಷವಾಗುತ್ತಿತ್ತು.

ಇಲ್ಲಿ ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ರತ್ನನನ್ನು ಸೃಷ್ಟಿಸಿದವರು ಹೆಂಡದ ವಾಸನೆಯನ್ನೂ ಸಹಿಸದ ಶುದ್ಧಾಚಾರದವರು. ಪಾಲಿಭಾಷೆಯನ್ನು ಅಭ್ಯಾಸಮಾಡಿ ಬೌದ್ಧವಾಙ್ಮಯವನ್ನು ಕನ್ನಡಕ್ಕೆ ತಂದವರು, ‘ತುತ್ತೂರಿ’ಯ ಪದ್ಯದಿಂದ ಕನ್ನಡದ ಮಕ್ಕಳೆಲ್ಲರಿಗೂ ಪರಿಚಿತರಾದವರು, ಕಾಲೇಜಿನಲ್ಲಿ ಕನ್ನಡವನ್ನು ಕಲಿಸಿ, ವಿದ್ಯಾರ್ಥಿಗಳ ಕೈಯಲ್ಲಿ ಬರೆಯಿಸಿದವರು, 1978ರಲ್ಲಿ ದೆಹಲಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದವರು. ಮರುವರ್ಷವೇ, 1979ರಲ್ಲಿ, ಕಾಲವಾದರು. ತಾನು ಮುಟ್ಟದ ಪಾತ್ರೆಯಿಂದ ಇಷ್ಟು ಅಮಲನ್ನು ತೆಗೆದುಕೊಟ್ಟ ಕವಿಯು ಕನ್ನಡದಲ್ಲಿ ಇನ್ನೊಬ್ಬನಿಲ್ಲ. ಆ ಪದಗಳು ಹುಟ್ಟಿದ ದಶಕವೂ ಗಮನಾರ್ಹವಾದುದೇ. ಮೈಸೂರು ಸಂಸ್ಥಾನದ ಕಾಂಗ್ರೆಸ್ಸಿನವರು 1939ರಲ್ಲಿ ಚಿತ್ರದುರ್ಗದ ಸೀಮೆಯ ತುರುವನೂರಿನಲ್ಲಿ ಈಚಲುಮರಗಳನ್ನು ಕಡಿದು ಸತ್ಯಾಗ್ರಹ ಹೂಡಿದರು. ಒಂದು ಕಡೆ ಮರಕ್ಕೆ ಕೊಡಲಿ. ಇನ್ನೊಂದು ಕಡೆ ಆ ಮರದ ರಸವನ್ನು ಕುಡಿದವನ ಬಾಯಲ್ಲಿ ಕನ್ನಡದ ಅಭಿಮಾನ. ಎರಡೂ ಒಂದೇ ಕಾಲದ ಕನ್ನಡನಾಡಿನವು, ಎರಡನ್ನೂ ಮೆಚ್ಚಿದವರು ಒಂದೇ ಮನೆಗಳಲ್ಲಿ ಇದ್ದರು.

ಬರೆದ ಪದವು ಹಾಡಾಗಬೇಕಾದರೆ ಕಂಠ ಬೇಕು. ದಕ್ಷಿಣ ಕನ್ನಡದ ಆರೂರಿನಲ್ಲಿ 1914ರಲ್ಲಿ ಜನಿಸಿ, ಎಳೆಯ ವಯಸ್ಸಿನಲ್ಲಿಯೇ ನಾಟಕದ ಕಂಪೆನಿಯನ್ನು ಸೇರಿದ ಪಾಂಡೇಶ್ವರ ಕಾಳಿಂಗರಾಯರು ಆ ಕಂಠವಾದರು. ದಾಸರ ಪದ, ಜನಪದರ ಪದ, ಹೊಸ ಕವಿಗಳ ಗೀತ ಎಲ್ಲವನ್ನೂ ಒಂದೇ ವೇದಿಕೆಯ ಮೇಲೆ ತಂದು ನಿಲ್ಲಿಸಿದವರು ಅವರು. ರತ್ನನ ಪದಗಳೂ ಅವರ ಬಾಯಿಂದಲೇ ಊರೂರಿಗೆ ಹೋದುವು. ಅವರ ಎಡಬಲಗಳಲ್ಲಿ ಮೋಹನಕುಮಾರಿ ಮತ್ತು ಸೋಹನಕುಮಾರಿಯರೆಂಬ ಸೋದರಿಯರು ಕುಳಿತು ಹಾಡುತ್ತಿದ್ದರು. ರಾಯರ ಗಂಭೀರವಾದ ಧ್ವನಿಯ ಬೆನ್ನಿಗೆ ಆ ಸೋದರಿಯರ ಧ್ವನಿ ಏರಿದಾಗ, ಹಳ್ಳಿಯ ಪದವು ಹಳ್ಳಿಯ ಪದವಾಗಿಯೇ ಇದ್ದು, ಪೇಟೆಯ ಸಭೆಗೂ ಸಲ್ಲುವಂತಾಯಿತು. ಹಳೆಯ ಹಾಡನ್ನು ಹೊಸದಾಗಿ, ಜೋಡಿಯಾಗಿ ಕೇಳಿಸುವ ಪದ್ಧತಿಗೆ ಕನ್ನಡದಲ್ಲಿ ಮೇಲ್ಪಂಕ್ತಿಯನ್ನು ಹಾಕಿಕೊಟ್ಟವರು ಈ ಮೂವರು. ರಾಯರು 1981ರಲ್ಲಿ ತೀರಿಕೊಂಡರು; ಗ್ರಾಮಫೋನ್ ತಟ್ಟೆಯಲ್ಲಿ ಆ ಕೂಟದ ಧ್ವನಿ ಉಳಿದಿದೆ.

ಅವರ ಹಾದಿಯಲ್ಲಿ ಮುಂದೆ ಬಂದವರು ಮೈಸೂರು ಅನಂತಸ್ವಾಮಿಯವರು. ನಿಸಾರ್ ಅಹಮದ್ ಅವರ ಗೀತಗಳಿಗೆ ಅವರು ಸ್ವರ ಹಾಕಿದ ‘ನಿತ್ಯೋತ್ಸವ’ದ ಧ್ವನಿಸುರುಳಿ 1978ರಲ್ಲಿ ಹೊರಬಂದಿತು. ಅದರಿಂದ ಕವಿಯ ಪದ್ಯವು ಮನೆಯ ಕಪಾಟಿನಿಂದ ಇಳಿದು ಮನೆಯ ನಡುಮನೆಗೆ ಬಂದು ಕುಳಿತಿತು. ರತ್ನನ ಪದಗಳನ್ನು ಕಾಳಿಂಗರಾಯರಿಂದ ಪಡೆದು ತಮ್ಮದೇ ರೀತಿಯಲ್ಲಿ ಮರಳಿ ಹಾಡಿದವರೂ ಅವರೇ. 1995ರಲ್ಲಿ ಅವರು ಗತಿಸಿದ ಮೇಲೆ ಅವರ ಮಗ ರಾಜು ಅನಂತಸ್ವಾಮಿಯವರು ಅದೇ ಪದಗಳನ್ನು ಹೊಸ ಪೀಳಿಗೆಯವರಿಗೆ ಕೇಳಿಸಿ, 2009ರಲ್ಲಿ ಅಕಾಲದಲ್ಲಿಯೇ ಕಣ್ಮರೆಯಾದರು. ಗಾಯಕವಿದ್ವಾಂಸ ಆರ್. ಕೆ. ಶ್ರೀಕಂಠನ್ ಅವರ ಪುತ್ರಿ ರತ್ನಮಾಲಾ ಪ್ರಕಾಶ್ ಅವರು ಅನಂತಸ್ವಾಮಿಯವರೊಡನೆಯೂ ಸಿ. ಅಶ್ವತ್ಥ್ ಅವರೊಡನೆಯೂ ಹಾಡಿದ ಯುಗಳಗೀತಗಳು ಸುರುಳಿಗಳ ಮೂಲಕ ಮನೆಮನೆಯನ್ನು ಸೇರಿದುವು. 1942ರಲ್ಲಿ ಅಚ್ಚಾದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯ ದಂಪತಿಗಳು ಇಂತಹ ಗಾಯನದಲ್ಲಿ ಮತ್ತೊಮ್ಮೆ ಸಂಸಾರ ಹೂಡಿದರೆಂದೇ ಹೇಳಬಹುದು. ಆದರೆ ಆ ಮಲ್ಲಿಗೆಯ ಮನೆಯಲ್ಲಿ ಹೆಂಡತಿಗೆ ಮಾತಿದೆ. ರತ್ನನ ಗುಡಿಸಲಿನಲ್ಲಿ, ಜನರ ನಾಲಗೆಯ ಮೇಲೆ ನಿಂತಿರುವ ಪದಗಳಲ್ಲಿ, ಮಾತೆಲ್ಲವೂ ರತ್ನನದೇ. ನಂಜಿಯ ರೂಪವನ್ನು ಅವನು ಬಾಯ್ತುಂಬ ಹೊಗಳುವನು. ನಂಜಿಯ ಬಾಯಿಂದ ಬಂದ ಉತ್ತರ ಮಾತ್ರ ಕೇಳಿಬರದು.

ಈ ಕೊರತೆಯು ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ಅಮೆರಿಕಾ ದೇಶದ ದಕ್ಷಿಣ ಸೀಮೆಯಲ್ಲಿ ಹಾಂಕಿ-ಟಾಂಕ್ ಎಂದು ಕರೆಯುವ ಹೆಂಡದಂಗಡಿಗಳಿದ್ದುವು. ಎಣ್ಣೆಬಾವಿಗಳಲ್ಲಿ ದುಡಿದವರು, ಲಾರಿ ಹೊಡೆಯುವವರು, ಊರು ಬಿಟ್ಟು ಬಂದ ಒಕ್ಕಲುಮಕ್ಕಳು ಸಂಜೆ ಅಲ್ಲಿ ಸೇರುತ್ತಿದ್ದರು. ಆ ಗದ್ದಲದ ನಡುವೆ ಕೇಳಿಸಬೇಕೆಂದು ತಂತಿವಾದ್ಯಕ್ಕೆ ವಿದ್ಯುಚ್ಛಕ್ತಿಯನ್ನು ಹೂಡಿ ಕಟ್ಟಿದ ಪದಗಳಿಗೂ ಅದೇ ಹೆಸರಾಯಿತು. ಕುಡಿತ, ಮೋಸ, ಮುರಿದ ಸಂಸಾರ ಇವೇ ಅವುಗಳ ವಸ್ತು. 1952ರಲ್ಲಿ ಹ್ಯಾಂಕ್ ಥಾಂಪ್ಸನ್ ಎಂಬ ಗಾಯಕನು, ಮನೆಯನ್ನು ಬಿಟ್ಟು ಅಂಗಡಿಯ ದೀಪಗಳಿಗೆ ಮರುಳಾಗಿ ಹೋದ ಹೆಣ್ಣನ್ನು ದೂರುವ ಪದವೊಂದನ್ನು ಹಾಡಿದನು. ಅಂತಹ ಹೆಂಗಸರನ್ನು ದೇವರೇ ಸೃಷ್ಟಿಸಿದನೆಂಬುದು ಅದರ ಮಾತು. ಅದೇ ವರ್ಷ, ಅದೇ ಧಾಟಿಯಲ್ಲಿ, ಕಿಟ್ಟಿ ವೆಲ್ಸ್ ಎಂಬ ಗೃಹಿಣಿ ಉತ್ತರವನ್ನು ಹಾಡಿದಳು: ಅದು ದೇವರ ಕೆಲಸವಲ್ಲ, ಮದುವೆಯಾಗಿದ್ದೂ ಆಗದವರಂತೆ ಅಲೆಯುವ ಗಂಡಸರ ಕೆಲಸ. ಕೆಲವು ರೇಡಿಯೋ ಸಂಸ್ಥೆಗಳು ಆ ಹಾಡನ್ನು ತಡೆದುವು. ಆದರೂ ಆ ದೇಶದ ಗ್ರಾಮೀಣ ಸಂಗೀತದ ಪಟ್ಟಿಯಲ್ಲಿ ಒಬ್ಬಂಟಿ ಗಾಯಕಿಯ ಹಾಡು ಮೊದಲನೆಯ ಸ್ಥಾನಕ್ಕೇರಿದುದು ಅದೇ ಮೊದಲು. ಆ ಉತ್ತರವನ್ನು ಹಾಡಿದ ಕಿಟ್ಟಿ ವೆಲ್ಸಳು 1937ರಲ್ಲಿ ಕೈಹಿಡಿದ ಪತಿಯೊಡನೆ, 2011ರಲ್ಲಿ ಅವನು ತೀರಿಕೊಳ್ಳುವವರೆಗೂ, ಸಂಸಾರಮಾಡಿದವಳು. ಹೆಂಡ ಮುಟ್ಟದ ರಾಜರತ್ನಂ ಕುಡುಕನ ಬಾಯಾದಂತೆ, ಮನೆ ಮುರಿಯದ ಕಿಟ್ಟಿ ವೆಲ್ಸಳು ಮನೆ ಮುರಿದವರ ಬಾಯಾದಳು.

ಆ ಮೇಲೆ ಅಲ್ಲಿಯೂ ಯುಗಳಗೀತಗಳ ಕಾಲ ಬಂದಿತು. ಅರ್ನೆಸ್ಟ್ ಟಬ್ ಎಂಬ ಹಿರಿಯ ಗಾಯಕನೂ ಲೊರೆಟ್ಟಾ ಲಿನ್ ಎಂಬ ಕಿರಿಯ ಗಾಯಕಿಯೂ 1960ರ ದಶಕದಲ್ಲಿ ಜೊತೆಯಾಗಿ ತಟ್ಟೆಗಳನ್ನು ತಂದರು. ಜಾರ್ಜ್ ಜೋನ್ಸನು ಮೆಲ್ಬಾ ಮಾಂಟ್ಗೊಮರಿಯೊಡನೆ ಹಾಡಿದನು. 1980ರಲ್ಲಿ ವಿಲ್ಲಿ ನೆಲ್ಸನ್ ಎಂಬ ಗಾಯಕನು, ತಾನು ಹಿಂದೆ ಯಾರ ಮೇಳದಲ್ಲಿ ವಾದ್ಯ ನುಡಿಸುತ್ತಿದ್ದನೋ ಆ ರೇ ಪ್ರೈಸನೊಡನೆ ಕುಳಿತು ಹಳೆಯ ಹಾಡುಗಳನ್ನು ಮತ್ತೆ ಹಾಡಿ ಒಂದು ತಟ್ಟೆ ಮಾಡಿದನು. ಹಳೆಯ ಹಾಡನ್ನು ಒಬ್ಬನೇ ಮತ್ತೆ ಹಾಡಿದರೆ ಅದು ಸ್ಮರಣೆ. ಇಬ್ಬರು ಹಾಡಿದರೆ ಅದು ವಿಚಾರಣೆಯೂ ಆಗುವುದು. ಅಂದು ನಡೆದುದೇನು, ಆಡಿದುದೇನು, ಕೇಳಿದವರ ಎದೆಯಲ್ಲಿ ಆದುದೇನು ಎಂಬುದನ್ನು ಎರಡನೆಯ ಕೊರಳು ಕೇಳಿಯೇ ಕೇಳುವುದು.

ಸಿಂಗಟಗೆರೆಯ ಆ ಮನೆಯಲ್ಲಿ ಎರಡನೆಯ ಕೊರಳು ನಲವತ್ತು ವರ್ಷಗಳಿಗೂ ಮೀರಿ ಸುಮ್ಮನಿದ್ದಿತು.

ಜಗಲಿಯ ಮೇಲೆ ಅಡಕೆ ಕತ್ತರಿಸುತ್ತಾ ಕುಳಿತಿದ್ದ ಅಜ್ಜ ಪ್ರಾಯದಲ್ಲಿ ಒಳ್ಳೆಯ ಕಂಠವುಳ್ಳವರು. ದೇವನೂರಿನ ಲಕ್ಷ್ಮೀಶನ ಸೀಮೆಯಲ್ಲಿ ಹುಟ್ಟಿದವರಿಗೆ ಪದವು ಹೊಸತಲ್ಲ. ಅವರ ತಂದೆಯವರ ಕಾಲದಲ್ಲಿ ಶ್ರಾವಣಮಾಸವೆಲ್ಲ ಜಗಲಿಯ ಮೇಲೆ ಜೈಮಿನಿ ಭಾರತದ ವಾಚನ ನಡೆಯುತ್ತಿತ್ತು. ಒಬ್ಬರು ಓದುವರು, ಒಬ್ಬರು ಅರ್ಥ ಹೇಳುವರು. ಮಗನಿಗೆ ಒಲಿದುದು ಬೇರೊಂದು ಕಾವ್ಯ. ಭದ್ರಾವತಿಯ ಆಕಾಶವಾಣಿ 1965ರಲ್ಲಿ ಆರಂಭವಾದ ಮೇಲೆ ಊರಿನ ಹೋಟಲಿನ ರೇಡಿಯೋ ಮುಂದೆ ನಿಂತು ಅವರು ರತ್ನನ ಪದಗಳನ್ನು ಕಲಿತರು. ಪದವನ್ನು ಕಲಿತವರು ಊರ ಹೊರಗಿನ ಹೆಂಡದಂಗಡಿಯ ದಾರಿಯನ್ನೂ ಕಲಿತರು. ಕುಡಿಯದಿದ್ದಾಗ ಅವರು ಮಿತಭಾಷಿಗಳು. ಮಕ್ಕಳನ್ನು ಎತ್ತಿಕೊಳ್ಳುವುದಕ್ಕೂ ಸಂಕೋಚಪಡುವರು. ಕುಡಿದಾಗ ಹಾಡುವರು. ಈಚಲುವನದ ಕಡೆಯಿಂದ ಆ ಹಾಡು ಹೊರಟು, ಕೆರೆಯ ಏರಿಯ ಮೇಲೆ ಸಾಗಿ, ಬೀದಿಯನ್ನು ತುಂಬಿ, ಮನೆಯ ಬಾಗಿಲಿನಲ್ಲಿ ನಿಲ್ಲುತ್ತಿತ್ತು. ಬೀದಿಯವರು ನಗುತ್ತಿದ್ದರು. ಒಳಗೆ ಹೆಂಡತಿಯು ಮಕ್ಕಳನ್ನು ಮಲಗಿಸಿ, ರಾಗಿಯ ಹಣದಲ್ಲಿ ಉಳಿದುದೆಷ್ಟೆಂದು ಮನಸ್ಸಿನಲ್ಲಿಯೇ ಎಣಿಸುತ್ತಾ ಅಗುಳಿ ತೆಗೆಯುತ್ತಿದ್ದಳು.

1979ರ ಸುಗ್ಗಿಯ ಸಮಯದ ಒಂದು ರಾತ್ರಿ ಮೂರು ವರ್ಷದ ಮಗುವಿಗೆ ಜ್ವರವೇರಿ, ಕೈಕಾಲು ಸೆಟೆದುಕೊಂಡುವು. ಗಂಡನು ಮನೆಯಲ್ಲಿರಲಿಲ್ಲ. ಎಲ್ಲಿರುವನೆಂದು ಎಲ್ಲರಿಗೂ ತಿಳಿದಿತ್ತು, ಕರೆತರಲು ಹೊತ್ತಿರಲಿಲ್ಲ. ಅವಳು ಹಿರಿಯ ಮಗುವನ್ನು ಪಕ್ಕದ ಮನೆಗೆ ಒಪ್ಪಿಸಿ, ಬಾಗಿಲಿಗೆ ಬೀಗ ಹಾಕಿ, ನೆರೆಯವರ ಗಾಡಿ ಕಟ್ಟಿಸಿಕೊಂಡು ಕಡೂರಿನ ದಾರಿ ಹಿಡಿದಳು. ಮಗುವನ್ನು ಎದೆಗವಚಿಕೊಂಡು, ಒದ್ದೆಬಟ್ಟೆಯನ್ನು ಅದರ ಹಣೆಯ ಮೇಲೆ ಹಾಕುತ್ತಾ, ಎತ್ತಿನ ಕೊರಳ ಗಂಟೆಯನ್ನು ಎಣಿಸುತ್ತಾ ಆ ರಾತ್ರಿಯನ್ನು ಕಳೆದಳು. ಬೆಳಗಾಗುವ ಮುನ್ನ ವೈದ್ಯರು ಸಿಕ್ಕಿದರು. ಮಗು ಉಳಿಯಿತು.

ಇತ್ತ ಗಂಡನು ನಡುರಾತ್ರಿ ಮೀರಿದ ಮೇಲೆ ಎಂದಿನಂತೆ ಹಾಡಿಕೊಂಡು ಬಂದನು. ಬಾಗಿಲು ತೆರೆಯಲಿಲ್ಲ. ಮುನಿಸಿಕೊಂಡಿದ್ದಾಳೆಂದು ಭಾವಿಸಿ, ಅವಳನ್ನು ನಗಿಸಬೇಕೆಂದು ಬಾಗಿಲಿಗೆ ಎದುರಾಗಿ ಕುಳಿತು ಮತ್ತೊಂದು ಪದವನ್ನು ತೆಗೆದನು. ಅದು ಮುಗಿದ ಮೇಲೆ ಇನ್ನೊಂದು. ಹೆಂಡತಿಯನ್ನಾದರೂ ಬಿಟ್ಟೇನು, ಪದವನ್ನು ಬಿಡೆನೆಂಬ ಪದವನ್ನೇ ಬಾಗಿಲಿಗೆ ಹಾಡಿದನು. ಬೀಗವು ಕತ್ತಲಲ್ಲಿ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಬಹಳ ಹೊತ್ತಿನ ಮೇಲೆ ಪಕ್ಕದ ಮನೆಯ ಮುದುಕಿ ಹೊರಗೆ ಬಂದು, “ಯಾರಿಗೆ ಹಾಡ್ತಿದೀಯಪ್ಪಾ? ಒಳಗೆ ಯಾರೂ ಇಲ್ಲ” ಎಂದು ನಡೆದುದನ್ನು ಹೇಳಿದಳು.

ಅವನು ಎದ್ದು, ಕತ್ತಲಲ್ಲಿಯೇ ಕಡೂರಿನ ಕಡೆಗೆ ನಡೆದನು. ಮಧ್ಯಾಹ್ನದ ವೇಳೆಗೆ ಅಲ್ಲಿಗೆ ಸೇರಿ, ಮಗುವಿನ ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತನು. ಹೆಂಡತಿ ಒಂದು ಮಾತನ್ನೂ ಆಡಲಿಲ್ಲ, ಅವನೂ ಆಡಲಿಲ್ಲ. ಅಂದಿನಿಂದ ಅವನು ಹೆಂಡವನ್ನು ಮುಟ್ಟಲಿಲ್ಲ. ಸರ್ಕಾರವು ರಾಜ್ಯದ ಬಹುಭಾಗದಲ್ಲಿ ಹೆಂಡವನ್ನು ನಿಲ್ಲಿಸಿದುದು 2004ರಲ್ಲಿ, ಸಾರಾಯಿಯನ್ನು ನಿಲ್ಲಿಸಿದುದು 2007ರ ಜುಲೈ ತಿಂಗಳಿನಲ್ಲಿ. ಆ ಮನೆಯಲ್ಲಿ ಪಾನನಿರೋಧವು ಅದಕ್ಕೆ ಇಪ್ಪತ್ತೈದು ವರ್ಷ ಮೊದಲೇ, ಯಾವ ಶಾಸನವೂ ಇಲ್ಲದೆ ಜಾರಿಗೆ ಬಂದಿತ್ತು. ಊರಿನವರು ಈ ಕಥೆಯನ್ನು ಇಲ್ಲಿಯವರೆಗೆ ಬಲ್ಲರು. ಕುಡಿತ ಬಿಟ್ಟ ಗಟ್ಟಿಗನೆಂದು ಅವರನ್ನು ಉದಾಹರಿಸುತ್ತಿದ್ದರು.

ಅಜ್ಜಿಯು ಆ ರಾತ್ರಿ ಊಟವಾದ ಮೇಲೆ ಮೊಮ್ಮಗಳಿಗೆ ಹೇಳಿದುದು ಇದರ ಮುಂದಿನ ಭಾಗ. “ಕುಡಿಯೋದು ಬಿಟ್ಟರು ಕೂಸೆ. ಹಾಡೋದನ್ನೂ ಬಿಟ್ಟುಬಿಟ್ಟರು. ಬಿಡಿ 'ಅಂತ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಿಮ್ಮ ಪದದವನು ಹೆಂಡ್ತೀನ ಬಿಟ್ಟು ಪದ ಇಟ್ಟುಕೊಂಡ. ನಿಮ್ಮಜ್ಜ ಪದ ಬಿಟ್ಟು ನನ್ನ ಇಟ್ಟುಕೊಂಡರು.” ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೂ ತಗ್ಗಿದ ದನಿಯಲ್ಲಿ ಹೇಳಿದರು: “ಅವರು ಹಾಡ್ತಾ ಬರೋವಾಗ ನಂಗೆ ಹೊಟ್ಟೆ ಉರೀತಿತ್ತು. ಆದರೆ ಒಳಗೆ ಕೂತು ಪದದ ಕೊನೇನ ನಾನೂ ಬಾಯೊಳಗೇ ಹೇಳಿಕೊಳ್ತಿದ್ದೆ. ಅಷ್ಟು ಚೆನ್ನಾಗಿ ಹಾಡೋರು. ಅದನ್ನ ಇವತ್ತಿನವರೆಗೂ ಅವರಿಗೆ ಹೇಳಿಲ್ಲ. ಹೇಳಿದ್ರೆ ಕುಡಿತಾನ ಮೆಚ್ಚಿದ ಹಾಗಾಗುತ್ತೇನೋ ಅಂತ.”

ಇದರಲ್ಲಿ ಯಾರನ್ನು ದೂರಬೇಕು, ಯಾರನ್ನು ಹೊಗಳಬೇಕು ಎಂಬುದು ಸುಲಭವಾಗಿ ನಿರ್ಣಯವಾಗತಕ್ಕ ವಿಷಯವಲ್ಲ. ಕುಡಿತವನ್ನು ಬಿಟ್ಟುದು ನಿಸ್ಸಂದೇಹವಾಗಿ ಶ್ರೇಯಸ್ಸು. ಮಕ್ಕಳು ಓದಿದರು, ತೋಟವಾಯಿತು, ಮನೆ ನಿಂತಿತು. ಆದರೆ ಹೆಂಡವೂ ಹಾಡೂ ಒಂದೇ ಮಡಕೆಯಲ್ಲಿದ್ದುವೆಂದು ಭಾವಿಸಿ ಮಡಕೆಯನ್ನೇ ಒಡೆದುಬಿಟ್ಟವನಿಗೆ, ಹಾಡು ತನ್ನದು, ಹೆಂಡದ್ದಲ್ಲ ಎಂದು ಹೇಳುವವರು ಒಬ್ಬರು ಬೇಕಾಗಿತ್ತು. ಹೇಳಬಹುದಾಗಿದ್ದವಳಿಗೆ ಭಯ, ಕೇಳಬೇಕಾಗಿದ್ದವನಿಗೆ ಲಜ್ಜೆ. ಉಕ್ತವಿದ್ದಿತು, ಪ್ರತ್ಯುಕ್ತವಿರಲಿಲ್ಲ, ಆ ಬಳಿಕ ಉಕ್ತವೂ ಇಲ್ಲವಾಯಿತು.

ರಾಜ್ಯೋತ್ಸವದ ದಿವಸ ಶಾಲೆಯ ಅಂಗಳದಲ್ಲಿ ಮೊಮ್ಮಕ್ಕಳು ಹಾಡಿದರು. ಹುಡುಗಿಯು ಅಣ್ಣನೊಡನೆ ಒಂದು ಒಪ್ಪಂದ ಮಾಡಿಕೊಂಡಿದ್ದಳು. ಹೆಂಡವನ್ನು ಬಿಡುವ ನುಡಿಯನ್ನು ಇಬ್ಬರೂ ಹಾಡಿದರು, ಸಭೆ ನಕ್ಕಿತು. ಹೆಂಡತಿಯನ್ನು ಬಿಡುವ ನುಡಿ ಬಂದಾಗ ಹುಡುಗಿಯು ಹಾಡಲಿಲ್ಲ. ಅಣ್ಣನೊಬ್ಬನೇ ಹಾಡಿದನು, ಅವಳು ಅವನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಗಂಡಸರ ಕಡೆಯಿಂದ ಅಭ್ಯಾಸಬಲದ ನಗು ಹೊರಟು, ಅರ್ಧಕ್ಕೆ ನಿಂತಿತು. ಹೆಂಗಸರು ಕುಳಿತಿದ್ದ ಕಡೆಯಲ್ಲಿ ಸದ್ದೇ ಇರಲಿಲ್ಲ. ಕವಿಯ ಒಂದಕ್ಷರವನ್ನೂ ಬದಲಿಸದೆ, ಹೊಸದೊಂದು ಅಕ್ಷರವನ್ನೂ ಸೇರಿಸದೆ, ರತ್ನನ ಹೆಂಡತಿಯು ಆ ಸಭೆಗೆ ಬಂದು ನಿಂತಂತಾಯಿತು. ಮುಂದೆ ಕನ್ನಡದ ನುಡಿ ಬಂದಾಗ ಹುಡುಗಿಯು ಮತ್ತೆ ದನಿಗೂಡಿಸಿದಳು. ತೀರ್ಪುಗಾರರು ಅವರಿಗೆ ಎರಡನೆಯ ಬಹುಮಾನ ಕೊಟ್ಟರು. ನಡುವೆ ಮರೆತು ನಿಂತಳೆಂದು ಅಂಕ ಕಳೆದಿರಬೇಕು.

ಆ ಇರುಳು ಮನೆಯಲ್ಲಿ ಮಕ್ಕಳು ಬಹುಮಾನದ ಪುಸ್ತಕವನ್ನು ಅಜ್ಜನ ಮುಂದೆ ಇಟ್ಟರು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟು ಅಡಕೆಯ ತಟ್ಟೆಯನ್ನು ಎಳೆದುಕೊಂಡರು. ಒಳಗೆ ಅಜ್ಜಿಯು ಮಜ್ಜಿಗೆಗೆ ಒಗ್ಗರಣೆ ಹಾಕುತ್ತಾ, ಆ ಪದದ ಕೊನೆಯ ನುಡಿಯನ್ನು, ಈ ಬಾರಿ ಬಾಯೊಳಗೆ ಅಲ್ಲ, ಜಗಲಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿಕೊಂಡರು. ವಯಸ್ಸಾದ ಕಂಠ, ಸ್ವರ ಒಂದೆಡೆ ನಿಲ್ಲಲಿಲ್ಲ. ಮೊಮ್ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿದರು.

ಅಜ್ಜ ಹಾಡಲಿಲ್ಲ. ನಲವತ್ತು ವರ್ಷಗಳ ಮೌನವು ಒಂದು ಸಂಜೆಯಲ್ಲಿ ಕರಗುವಂತಹುದಲ್ಲ. ಆದರೆ ಅವರ ಅಡಕತ್ತರಿಯ ಸದ್ದು ಅದುವರೆಗೆ ಹೇಗೆಂದರೆ ಹಾಗೆ ಬೀಳುತ್ತಿದ್ದುದು, ಅಜ್ಜಿಯ ನುಡಿಯು ತಾಳವನ್ನು ತಪ್ಪಿದ ಕಡೆಯಲ್ಲಿ ಒಂದು ಗಳಿಗೆ ಕಾದು, ಸರಿಯಾದ ಜಾಗದಲ್ಲಿ ಬಿದ್ದಿತು. ಅಜ್ಜಿಯು ಅದನ್ನು ಹಿಡಿದುಕೊಂಡು ಮುಂದಿನ ಸಾಲಿಗೆ ಹೋದರು. ಹಿತ್ತಿಲಿನ ಬೀಸುವ ಕಲ್ಲಿಗೆ ಈ ಲೆಕ್ಕವು ಹೊಸದಲ್ಲ.